ಆರಿಸುವ ಗುಂಡಿ

ಶನಿವಾರ, ರಾತ್ರಿ

ಆ ಗುಂಡಿ ನನಗೆ ಹೊಳೆಯಲೇ ಇಲ್ಲವಲ್ಲ!

ವಿಜ್ಞಾನ ಮ್ಯೂಸಿಯಂನಲ್ಲಿ ನಾನು ಮಾಡಿದ ಮಾದರಿಯನ್ನು ಇವತ್ತು ಜನರಿಗೆ ತೆರೆದರು. ಒಂದು ತುದಿಯಲ್ಲಿ ಧ್ರುವದ ನೆಲ ಎಂದು ಕಲ್ಲು, ಅದರ ಮೇಲೆ ಮಂಜುಗಡ್ಡೆ. ಇನ್ನೊಂದು ತುದಿಯಲ್ಲಿ ಕಡಲು, ದಡದಲ್ಲಿ ನಮ್ಮೂರು. ಗುಂಡಿ ಒತ್ತಿದರೆ ಬಿಸಿ ದೀಪ ಹತ್ತುತ್ತದೆ, ಗಡ್ಡೆ ಕರಗುತ್ತದೆ, ಕಡಲು ಏರಿ ಬೀದಿಗೆ ಬರುತ್ತದೆ. ಮಕ್ಕಳು ಮುಗಿಬಿದ್ದರು. ನಾನು ಉಬ್ಬಿಹೋದೆ.

ಆಮೇಲೆ ಅಮ್ಮ ಬಂದಳು. ಗುಡ್ಡದ ಮೇಲಿನ ನಮ್ಮ ಮನೆ ನೋಡಿ ಹಿಗ್ಗಿದಳು. ಕಡಲಂಚಿನ ಹಸಿರು ಮನೆ ಕಂಡು ಮುಖ ತಿರುಗಿಸಿದಳು. ಅದು ಚಿಕ್ಕಮ್ಮನದು. "ನಮ್ಮ ಕಿಟಕಿ ತೆಗೆದ್ರೆ ಸಮುದ್ರವೇ" ಎಂದು ಆಕೆ ಜಂಬ ಕೊಚ್ಚಿದ ದಿನದಿಂದ ಇಬ್ಬರಿಗೂ ಮಾತಿಲ್ಲ.

ನೀರು ಹಸಿರು ಮನೆಯ ಮೆಟ್ಟಿಲು ಮುಟ್ಟಿದ್ದೇ ತಡ, ಅಮ್ಮ ಮೇಜಿನ ಸುತ್ತ ತಡಕಾಡತೊಡಗಿದಳು.

"ಹಚ್ಚೋಕೆ ಗುಂಡಿ ಇಟ್ಟಿದ್ದೀಯ, ಆರಿಸೋಕೆ ಎಲ್ಲೇ?"

"ಅದಿಲ್ಲಮ್ಮ. ನೀರು ಏರೋದನ್ನ ತೋರಿಸೋದಷ್ಟೇ."

"ನೀನು ತೋರಿಸ್ತಾ ಕೂತ್ಕೋ! ಅಲ್ಲಿ ಅವಳ ಮನೆ ಮುಳುಗ್ತಿದೆ" ಎಂದವಳೇ ಬಗ್ಗಿ ಪ್ಲಗ್ಗನ್ನೇ ಕಿತ್ತಳು. ಮಕ್ಕಳು ಹೋ ಎಂದು ಕೂಗಿದರು. ಗಡ್ಡೆ ಇನ್ನೂ ಸ್ವಲ್ಪ ಹೊತ್ತು ತೊಟ್ಟಿಕ್ಕಿತು. ನೀರು ಹೊಸ್ತಿಲಿಗೆ ಬಂದು ನಿಂತಿತು.

ಈಗ ಪಕ್ಕದ ಕೋಣೆಯಲ್ಲಿ ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಾಳೆ. ಎಷ್ಟು ದಿನದ ಮೇಲೆ! ಗೋಡೆ ದಾಟಿ ಕೇಳಿಸುತ್ತಿದೆ: "ಹೊಸ್ತಿಲವರೆಗೂ ಬಂದಿತ್ತು ಕಣೇ, ನಾನೇ ನಿಲ್ಲಿಸಿದೆ. ಯಾವ ನೀರಾ? ನಾಳೆ ಬಾ, ತೋರಿಸ್ತೀನಿ."

ಬೆಳಗ್ಗೆ ಬೇಗ ಹೋಗಿ ಆರಿಸುವ ಗುಂಡಿ ಕೂರಿಸಬೇಕು. ದೊಡ್ಡದು, ಕೆಂಪನೆಯದು, ಅಮ್ಮನ ಕೈಗೆ ಎಟುಕುವಂಥದ್ದು. ಅಲ್ಲ, ಎರಡು ಕೂರಿಸುವುದೇ ವಾಸಿ. ಇಲ್ಲದಿದ್ದರೆ ಯಾರು ಮೊದಲು ಒತ್ತಬೇಕೆಂದು ಅಕ್ಕತಂಗಿ ಮತ್ತೆ ಮಾತು ಬಿಟ್ಟಾರು.