ಕಾಲುವೆಯ ಮೇಲೆ ಮಲಗಿರುವ ಬಾಗಿಲಿನ ವಿಚಾರ

ಮಾನ್ಯ ಕುಲಪತಿಗಳೇ,

ತಮ್ಮ ವಿಶ್ವವಿದ್ಯಾಲಯದ ಹೆಬ್ಬಾಗಿಲನ್ನು ನಮ್ಮ ಕಾಲುವೆಯ ಮೇಲಿಂದ ಕೀಳಿಸಬೇಡಿ. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಟ್ಟೆ. ಇನ್ನು ಜಗಳ ನಿಧಾನವಾಗಿ ಆಡಬಹುದು. ಇದನ್ನು ತಮ್ಮ ಕಚೇರಿಗೇ ಬಂದು ಹೇಳೋಣವೆಂದರೆ ಅಲ್ಲಿ ತಟ್ಟಲು ಬಾಗಿಲಿಲ್ಲ. ಹಾಗಾಗಿ ಬಜಾರಿನಲ್ಲಿ, ಕಲ್ಲಂಗಡಿ ಮಾರುವವರ ಹಿಂದಿನ ಗೋಡೆಗೆ ಅಂಟಿಸುತ್ತಿದ್ದೇನೆ. ಊರೆಲ್ಲ ಓದಿದ ಮೇಲೆ ತಮಗೂ ಯಾರಾದರೂ ಮುಟ್ಟಿಸುತ್ತಾರೆ.

ನಾವು ಬಾಗಿಲನ್ನು ಕದ್ದೆವು ಎಂದು ತಾವು ಸಭೆಯಲ್ಲಿ ಹೇಳಿದಿರಂತೆ. ಕದಿಯುವುದಕ್ಕೆ ಅದು ಚೌಕಟ್ಟಿನಲ್ಲಿ ಇತ್ತೇ? ಯುದ್ಧದ ಮೊದಲ ಚಳಿಗಾಲದಲ್ಲಿ ಒಂದು ಫಿರಂಗಿ ಗುಂಡು ನಮ್ಮ ಸೇತುವೆಯನ್ನು ಹಾರಿಸಿತು, ಇನ್ನೊಂದು ತಮ್ಮ ಬಾಗಿಲನ್ನು ಬೀದಿಗೆ ಎಸೆಯಿತು. ನನ್ನ ಮಾವ ಸಂಗಿನ್ ಅವರು ಕತ್ತೆ ಕಟ್ಟಿ ಎರಡೂ ಕದಗಳನ್ನು ಎಳೆದು ತಂದರು, ಕಾಲುವೆಯ ನಡುವೆ ಕಲ್ಲು ಗುಡ್ಡೆ ಹಾಕಿ ಅದರ ಮೇಲೆ ಮಲಗಿಸಿದರು. ಆ ವರ್ಷ ಊರಿನವರು ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟುಗಳನ್ನೂ ಬಿಡದೆ ಒಲೆಗೆ ಹಾಕಿದರು. ಬಾಗಿಲು ಮಾತ್ರ ಉಳಿಯಿತು, ಏಕೆಂದರೆ ಅದರ ಮೇಲೆ ನಾವು ನಡೆಯುತ್ತಿದ್ದೆವು.

ತಾವು ಒಳ್ಳೆಯ ಮನುಷ್ಯರು, ನನ್ನ ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಶಾಂತಿಯಾದ ಮೇಲೆ ರಾಜಧಾನಿಯಿಂದ ಬಂದಿರಿ, ಕಿಟಕಿಗೆ ಗಾಜಿಲ್ಲದ ಕೋಣೆಯಲ್ಲಿ ಟೋಪಿ ಕೋಟು ಹಾಕಿಕೊಂಡೇ ಪಾಠ ಮಾಡಿದಿರಿ. ಗಾಜು ಬಂದಾಗ ತಾವೇ ಏಣಿ ಹತ್ತಿ ಕೂಡಿಸಿದಿರಿ. ಅರ್ಧ ಗಾಜು ಒಡೆದದ್ದೂ ತಾವೇ ಎನ್ನುತ್ತಾರೆ, ಅದನ್ನು ನಾನು ಎತ್ತಿ ಆಡುವುದಿಲ್ಲ.

ಆದರೆ ಕಳೆದ ವಸಂತದಲ್ಲಿ ನಮ್ಮ ಮನೆಗೆ ಬಂದದ್ದು ನೆನಪಿದೆಯೇ? ಗಂಡುಮಕ್ಕಳೆಲ್ಲ ಕೂಲಿಗೆ ರಷ್ಯಾಕ್ಕೆ ಹೋಗಿ ತಮ್ಮ ತರಗತಿಗಳು ಖಾಲಿ ಬಿದ್ದಿದ್ದವು. ತಾವು ಮನೆಮನೆ ತಿರುಗಿ ಹೆಣ್ಣುಮಕ್ಕಳನ್ನು ಕೊಡಿ ಎಂದು ಬೇಡುತ್ತಿದ್ದಿರಿ. ನಮ್ಮ ದಂಡೆಗೆ ಯಾವುದರ ಮೇಲೆ ನಡೆದು ಬಂದಿರಿ? ಗುರುತೇ ಸಿಗದಷ್ಟು ಕೆಸರು ಮೆತ್ತಿಕೊಂಡಿದ್ದ ಆ ಬಾಗಿಲಿನ ಮೇಲೆಯೇ. ನಡುವೆ ನಿಂತು, ಕುಣಿದು ನೋಡಿ, ಹೊಗಳಿದಿರಿ ಕೂಡ:

“ಎಂಥಾ ಗಟ್ಟಿ ಸೇತುವೆ ರೀ! ಇದನ್ನ ಮಾಡಿದೋರ ಕೈ ತಣ್ಣಗಿರ್ಲಿ!”

ನನ್ನ ಮಾವ ಮೀಸೆ ತಿರುವಿದರು. ನಾನು ತಲೆವಸ್ತ್ರದಲ್ಲಿ ನಗು ಮುಚ್ಚಿಕೊಂಡೆ.

ಒಳಗೆ ಬಂದು ರೊಟ್ಟಿ ಮುರಿದು, ನನ್ನ ಮಗಳು ಮೋಹಿರಾಳನ್ನು ಕಳಿಸಿ ಎಂದಿರಿ. ಮಾವ ಒಪ್ಪಲಿಲ್ಲ. “ಈ ಸೇತುವೆ ಮೇಲೆ ಹೋಗಿ ಬರೋದಾದ್ರೆ ಸರಿ. ಇದೊಂದು ಕೊಚ್ಚಿಕೊಂಡು ಹೋದ್ರೆ ಹತ್ತಿ ಗಿರಣಿ ಸುತ್ತಿ ಹೋಗ್ಬೇಕು. ಅಲ್ಲಿ ಸಿಪಾಯಿಗಳ ಠಾಣೆ. ಹೆಣ್ಮಕ್ಕಳನ್ನ ನೋಡಿ ಸಿಳ್ಳೆ ಹಾಕ್ತಾರೆ, ಚೀಲ ಬಿಚ್ಚು ಅಂತಾರೆ. ಆ ದಾರೀಲಿ ನನ್ನ ಮೊಮ್ಮಗಳು ಕಾಲಿಡೋದಿಲ್ಲ.”

ಆಗ ತಾವು ಎದೆಯ ಮೇಲೆ ಕೈಯಿಟ್ಟು ಹೇಳಿದಿರಿ: “ಅಜ್ಜಾ, ಅವಳು ನನ್ನ ಮಗಳಿದ್ದ ಹಾಗೆ. ಓದೋದು ಅವಳ ಪಾಲು. ದಾರಿ ನನಗೆ ಬಿಡಿ.”

ಈಗ ಮೋಹಿರಾ ರಸಾಯನಶಾಸ್ತ್ರ ಓದುತ್ತಿದ್ದಾಳೆ. ನನ್ನ ಸಂಬೂಸಾಕ್ಕೆ ಉಪ್ಪು ಹೆಚ್ಚಾದರೆ ಅದಕ್ಕೊಂದು ಸೂತ್ರ ಹೇಳುತ್ತಾಳೆ, ಅಡುಗೆ ಮಾತ್ರ ನಾನೇ ಮಾಡಬೇಕು.

ಇದೆಲ್ಲ ಕೆಟ್ಟದ್ದು ತಮ್ಮ ಆಜ್ಞೆಯಿಂದಲೇ. ಮಂತ್ರಿಗಳು ಬರುತ್ತಾರೆ, ಊರೆಲ್ಲ ಸೇರಿ ಹಶರ್ ಮಾಡಿ, ಕೂಲಿ ಕೇಳದೆ ಕೈಜೋಡಿಸಿ ಬೀದಿ ತೊಳೆಯಿರಿ ಎಂದಿರಿ. ನಮ್ಮ ಹೆಂಗಸರಿಗೆ ತೊಳೆ ಎಂದರೆ ಸಾಕು, ಕೈ ನಿಲ್ಲುವುದಿಲ್ಲ. ಸೇತುವೆಯನ್ನೂ ತೊಳೆದೆವು. ಕೆಸರು ಹೋದಂತೆ ಕೆತ್ತನೆಯ ದ್ರಾಕ್ಷಿ ಬಳ್ಳಿ ಎದ್ದಿತು, ಹಿತ್ತಾಳೆಯ ಹಿಡಿ ಫಳಫಳ ಹೊಳೆಯಿತು. ಪರಿಶೀಲನೆಗೆ ಬಂದ ತಾವು ಅದೇ ಹಿಡಿಗೆ ಎಡವಿದಿರಿ. ಎದ್ದು ನಿಂತು “ವಿದ್ಯೆಯ ಬಾಗಿಲನ್ನ ಕಾಲಲ್ಲಿ ತುಳೀತೀರಾ? ನಾಚಿಕೆ ಆಗಲ್ವಾ?” ಎಂದು ಗುಡುಗಿದಿರಿ. ನಾವೂ ಹೊಸಿಲು ತುಳಿಯದ ಜನವೇ, ಸ್ವಾಮಿ. ಆದರೆ ಅದನ್ನು ತುಳಿಯುತ್ತ ಆ ಹುಡುಗಿಯರು ಹೋಗುವುದಾದರೂ ಎಲ್ಲಿಗೆ? ಮದುವೆಗೇ?

ಮರುದಿನ ತಮ್ಮ ಉಗ್ರಾಣದ ಸಫರ್‌ಮುರೋದ್ ಹಾರೆ ಹಿಡಿದು ಬಂದ. “ಅಕ್ಕಾ, ಸ್ವಲ್ಪ ಸರೀರಿ, ಬಾಗಿಲು ಎತ್ತಬೇಕು.”

“ಎತ್ತುವೆಯಂತೆ ತಮ್ಮಾ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ? ಈಗಷ್ಟೇ ತಂದೂರಿಂದ ರೊಟ್ಟಿ ತೆಗ್ದಿದೀನಿ, ಒಂದು ಚೂರು ಮುರಿ.”

ಪಾಪ, ಮುರಿದ, ತಿಂದ, ಎರಡು ಬಟ್ಟಲು ಚಹಾ ಕುಡಿದ. ಆಮೇಲೆ ಹಾರೆ ನೋಡಿ ತಲೆಗೆ ಕೈಹೊತ್ತ. “ನಿಮ್ಮ ಉಪ್ಪು ತಿಂದು ನಿಮ್ಮ ಸೇತುವೇನೇ ಹೇಗ್ ಕೀಳ್ಲಿ? ಬೇಕಂತಲೇ ತಿನ್ನಿಸಿದ್ರಿ!”

“ಹೌದಪ್ಪ. ಇನ್ನೊಂದು ತಗೋ.”

ಬರುವ ಶುಕ್ರವಾರ ಬಾಗಿಲು ಕೀಳಲು, ಉಪವಾಸ ಇರುವವರನ್ನೇ ಆರಿಸಿ ಕಳಿಸುತ್ತೀರಂತೆ. ಉಪಾಯ ಚೆನ್ನಾಗಿದೆ.

ಒಂದು ಮಾತು ನಗದೆ ಹೇಳುತ್ತೇನೆ. ನನ್ನ ದೊಡ್ಡ ಮಗ ಬಹ್ರೋಮ್ ಒಂದು ವರ್ಷ ಆ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಿ ಬಂದವನು. ಯುದ್ಧ ಶುರುವಾದ ಶರತ್ಕಾಲದಲ್ಲಿ ಮನೆ ಬಿಟ್ಟವನು ಮರಳಲಿಲ್ಲ. ಆ ಹಿಡಿಯನ್ನು ತೊಳೆಯುವಾಗ ನಾನು ಅತ್ತುಬಿಟ್ಟೆ. ಅದು ತಮ್ಮ ಆಸ್ತಿ, ಒಪ್ಪಿದೆ. ನನಗೂ ಅದರಲ್ಲಿ ಪಾಲಿದೆ. ಬಾಗಿಲು ಕಿತ್ತ ದಿನ ಮಾವ ಮೋಹಿರಾಳ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಎರಡನೆಯ ಮಗುವಿನ ಓದೂ ನಿಲ್ಲುವುದನ್ನು ನಾನು ನೋಡಲಾರೆ.

ಆದ್ದರಿಂದ ಕೇಳಿ. ಮಂತ್ರಿಗಳ ಕಣ್ಣಿಗೆ ತಮ್ಮ ಚೌಕಟ್ಟು ಬೋಳಾಗಿ ಕಾಣದಂತೆ ನಮ್ಮ ಕೇರಿಯ ಹೆಂಗಸರು ಕಸೂತಿಯ ದೊಡ್ಡ ಪರದೆ ಕಟ್ಟುತ್ತೇವೆ. ಮೊದಲು ಕಾಲುವೆಗೆ ಸೇತುವೆ ಕಟ್ಟಿಸಿ. ಕಟ್ಟಿದ ದಿನ ಬಾಗಿಲನ್ನು ಎಣ್ಣೆ ಹಚ್ಚಿ, ಹೊಳಪು ಕೊಟ್ಟು, ನಾವೇ ಹೊತ್ತು ತಂದು ನಿಲ್ಲಿಸುತ್ತೇವೆ. ಅಲ್ಲಿಯವರೆಗೆ ಅದು ಮಲಗಿರಲಿ. ಶುಕ್ರವಾರ ಬರುವುದೇ ಆದರೆ ಬೇರೆಯವರನ್ನು ಕಳಿಸಬೇಡಿ, ತಾವೇ ಬನ್ನಿ. ಹಾರೆ ಎತ್ತುವ ಮೊದಲು, ದಾರಿ ಯಾರ ಪಾಲು ಎಂದು ನನ್ನ ಮಾವನಿಗೆ ಇನ್ನೊಮ್ಮೆ ಹೇಳಿ.

ಇಂತಿ,
ತಮ್ಮ ಬಾಗಿಲನ್ನು ತುಳಿದವಳು, ತಮ್ಮ ಮಾತನ್ನು ನಂಬಿದವಳು,
ಸಂಬೂಸಾ ಮಾರುವ ಸಬೊಹತ್