ಸೇನಾಪತಿಯ ಕೈಕವಚ

ಫೆಬ್ರವರಿ 4
ಮೂರನೇ ದಬ್ಬಳವೂ ಮುರಿಯಿತು. ದಿನವಿಡೀ ಅಂಗಡಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಕೈ ಇದು. ಆದರೂ ಈ ಚರ್ಮದ ಮುಂದೆ ಸೋತಿತು. ಮಾವನವರ ಹಳೇ ಸೂಟ್‌ಕೇಸ್. ಅವರ ಹಾಗೇ ಗಟ್ಟಿ, ಅವರ ಹಾಗೇ ಹಟಮಾರಿ. ಇವಳು ಕೊಡುವುದಿಲ್ಲ ಎಂದುಕೊಂಡಿದ್ದೆ. ಒಳಗಿದ್ದ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟು, ತಾನೇ ತಂದು ಮುಂದಿಟ್ಟಳು.

"ಅಪ್ಪನ ನೆನಪು ಅಂತ ಇರೋದು ಇದೊಂದೇ. ಹಾಳು ಮಾಡಿದ್ರೆ ನಿಮ್ಮ ಗ್ರಹಚಾರ ಬಿಡಿಸ್ತೀನಿ."

ಹಾಳು ಮಾಡುತ್ತೇನೆಯೇ? ಹದಿನೆಂಟು ವರ್ಷ ಈ ನಾಟಕ ತಂಡದಲ್ಲಿ ಬಾಗಿಲು ಕಾಯುವ ಭಟ. ಕೈಯಲ್ಲಿ ಭರ್ಜಿ, ಬಾಯಲ್ಲಿ ಒಂದೇ ಮಾತು — "ಅಪ್ಪಣೆ, ಪ್ರಭು." ಈ ಸಲ ಸೇನಾಪತಿ! ಡೈರೆಕ್ಟರೇ ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಅವರವರ ವೇಷ ಅವರವರೇ ಮಾಡಿಕೊಂಡು ಬರಬೇಕೆಂಬುದು ತಂಡದ ಹಳೇ ಕಟ್ಟಳೆ. ಕಿರೀಟ-ಗಿರೀಟ ರಟ್ಟಿನದಾದರೂ ನಡೆದೀತು. ಸೇನಾಪತಿ ಕೈಯೆತ್ತಿದರೆ ಕೊನೇ ಸಾಲಿನವನಿಗೂ ಕೈಕವಚದ ಚರ್ಮ ಕಾಣಬೇಕು.

ಫೆಬ್ರವರಿ 7
ಎಡವಟ್ಟಾಯಿತು. ಬಿಸಿನೀರಲ್ಲಿ ನೆನೆಸಿದರೆ ಚರ್ಮ ಬಾಗುತ್ತದೆ ಅಂತ ವಿಡಿಯೋದಲ್ಲಿ ಒಬ್ಬ ಮಹಾನುಭಾವ ಹೇಳಿದ್ದ. ಎಷ್ಟು ಬಿಸಿ ಅಂತ ಪೂರ್ತಿ ಕೇಳುವ ತಾಳ್ಮೆ ನನಗೆಲ್ಲಿ? ಕುದಿಯುವ ನೀರಿಗೇ ಹಾಕಿದೆ. ಕಣ್ಣೆದುರೇ ಮುದುರಿ ಕಿತ್ತಳೆ ಸಿಪ್ಪೆಯಾಯಿತು. ಮುಚ್ಚಳದ ಚರ್ಮ ಪೂರ್ತಿ ಹೋಯಿತು.

ಇವಳು ಬಂದು ಪಾತ್ರೆಯೊಳಗೆ ಇಣುಕಿದಳು.

"ಬೆಂದಿದೆಯಾ?"

ನಗು ತಡೆಯಲಾಗಲಿಲ್ಲ ಇಬ್ಬರಿಗೂ. ನಗುತ್ತ ನಗುತ್ತಲೇ ಅವಳ ಕಣ್ಣು ಒದ್ದೆಯಾಗಿದ್ದು ನೋಡಿದೆ... ಇನ್ನು ತಳದ ಚರ್ಮ ಮಾತ್ರ ಉಳಿದಿದೆ. ಮತ್ತೊಂದು ಸಲ ತಪ್ಪುವ ಹಾಗಿಲ್ಲ.

ಫೆಬ್ರವರಿ 12, ಭಾನುವಾರ
ಉಗುರುಬೆಚ್ಚಗಿನ ನೀರು. ಮೆತ್ತಗಾದ ಮೇಲೆ ಮುಂಗೈಗೆ ಸುತ್ತಿ, ಬಟ್ಟೆಪಟ್ಟಿ ಬಿಗಿದು, ಒಣಗುವ ತನಕ ಅಲ್ಲಾಡದೆ ಕೂರಬೇಕು. ಎರಡೂ ಕೈಗೆ ಒಟ್ಟಿಗೇ ಕಟ್ಟಿಸಿಕೊಂಡೆ — ಬುದ್ಧಿವಂತ! ಕಟ್ಟಿದ ಮರುಕ್ಷಣ ಮೂಗು ತುರಿಸಿತು. ಇವಳೇ ತುರಿಸಿದಳು, ಟೀಯನ್ನೂ ಕುಡಿಸಿದಳು.

"ಸೇನಾಪತಿಗಳೇ, ಇನ್ನೇನಾದ್ರೂ ಅಪ್ಪಣೆ?"

ಸಂಜೆ ಬಿಚ್ಚಿದೆ. ಮುಂಗೈಯ ಉಬ್ಬುತಗ್ಗೆಲ್ಲ ಅಚ್ಚೊತ್ತಿದಂತೆ ಬಂದಿತ್ತು. ಮಣಿಕಟ್ಟಿನ ಮೂಳೆಗೂ ಅದರದೇ ಒಂದು ಜಾಗ. ಬೇರೆ ಯಾರ ಕೈಗೂ ಇದು ಕೂರುವುದಿಲ್ಲ.

ಫೆಬ್ರವರಿ 20
ರಿವೆಟ್ ಹೊಡೆದು ಮುಗಿಯಿತು. ಅಚ್ಚಾದ ಚರ್ಮದ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಚಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಸರಿಸಿ ಕೂರಿಸಿದ್ದೇನೆ. ಮೇಣ ತಿಕ್ಕಿ ತಿಕ್ಕಿ ಹೊಳಪು. ರಿಹರ್ಸಲ್‌ಗೆ ಹಾಕಿಕೊಂಡೇ ಹೋದೆ. "ಭಲೇ! ಇದಪ್ಪಾ ಅಂದ್ರೆ!" ಎಂದು ತಟ್ಟಿ ನೋಡಿದರು ಡೈರೆಕ್ಟರು. ನನ್ನ ಮುಖ ಮಾತ್ರ ನೋಡಲಿಲ್ಲ. ಅವರ ಭಾವಮೈದನೂ ಬಂದಿದ್ದ, ಜಿಮ್ ಇಟ್ಟುಕೊಂಡಿರುವವನು. ಸುಮ್ಮನೆ ನೋಡಿಹೋಗಲು ಬಂದದ್ದಂತೆ.

ಫೆಬ್ರವರಿ 23
ಸುಮ್ಮನೆ ಬಂದದ್ದಲ್ಲ.

ಫೆಬ್ರವರಿ 25
ಬರೆಯಲು ಮನಸ್ಸೇ ಬಂದಿರಲಿಲ್ಲ.

"ಸೇನಾಪತಿ ಪಾರ್ಟು ಅವನು ಮಾಡ್ಲಿ ಬಿಡಿ," ಅಂದರು ಡೈರೆಕ್ಟರು. "ಮನೆ ಕಡೆ ಒತ್ತಡ, ನಿಮಗೆ ಗೊತ್ತಿರೋದೇ. ಬಾಗಿಲ ಹತ್ರ ನೀವಿಲ್ಲದಿದ್ರೆ ಸೀನಿಗೆ ತೂಕಾನೇ ಇರಲ್ಲ ನೋಡಿ."

ತೂಕವಂತೆ ತೂಕ! ಬಾಯಲ್ಲಿ ಬಂದದ್ದು ಮಾತ್ರ "ಆಗ್ಲಿ ಸಾರ್." ಹಾಳಾದ ನಾಲಿಗೆ, "ಅಪ್ಪಣೆ, ಪ್ರಭು" ಅಂದು ಅಂದು ಅಭ್ಯಾಸ.

ಹೊರಟವನನ್ನು ಮತ್ತೆ ಕರೆದರು. "ಅಂದ ಹಾಗೆ, ಆ ಕೈಕವಚ ಅವನಿಗೆ ಕೊಟ್ಬಿಡಿ. ಸ್ವಲ್ಪ ಲೂಸ್ ಮಾಡಿ."

ಇವಳಿಗೆ ಹೇಳಿಲ್ಲ. ಅಕ್ಕಪಕ್ಕದವರಿಗೆಲ್ಲ ಆಗಲೇ ಸಾರಿಬಿಟ್ಟಿದ್ದಾಳೆ.

ಮಾರ್ಚ್ 1
ಭಾವಮೈದ ಮನೆಗೇ ಬಂದ, ಅಳತೆ ಕೊಡಲು. ಇವಳಿಗೆ ವಿಷಯ ಗೊತ್ತಾದದ್ದು ಹೀಗೆ. ಅವನ ಕೈ ಅರ್ಧವೂ ಹೋಗಲಿಲ್ಲ. ಒತ್ತಿದ, ತಿರುಚಿದ. ಒಂದು ರಿವೆಟ್ ಕಿತ್ತುಬಂತು.

"ಬಿಚ್ಚಿ ದೊಡ್ಡದು ಮಾಡಿ ಅಂಕಲ್. ನಿಮಗೇನು, ದಿನಾ ಹೊಲಿಯೋರು."

ಇವಳು ಟೀ ಕೊಡಲಿಲ್ಲ. ಅವನು ಹೋದ ಮೇಲೆ ಒಂದೇ ಮಾತು — "ಅಪ್ಪನ ಪೆಟ್ಟಿಗೆ ಕೊಟ್ಟಿದ್ದು ಇವನ ಕೈಗಾ?"

ಅವಳ ಬಟ್ಟೆಗಳು ಈಗ ಪ್ಲಾಸ್ಟಿಕ್ ಚೀಲದಲ್ಲಿ ಮಂಚದ ಕೆಳಗಿವೆ.

ಮಾರ್ಚ್ 9, ಮಧ್ಯಾಹ್ನ
ಇವತ್ತೇ ನಾಟಕ. ಏನನ್ನೂ ಬಿಚ್ಚಿಲ್ಲ, ದೊಡ್ಡದೂ ಮಾಡಿಲ್ಲ. ಕಿತ್ತ ರಿವೆಟ್ ಮಾತ್ರ ಹಾಕಿದೆ. ಆಮೇಲೆ ಒಲೆಯ ಮೇಲೆ ನೀರಿಟ್ಟೆ. ಕುದಿಯಲಿ, ಇದೂ ಮುದುರಲಿ, ಯಾರಿಗೂ ಬೇಡ! ಕೈಕವಚ ಹಿಡಿದು ನಿಂತಿದ್ದೆ. ಇವಳು ಬಂದು ಗ್ಯಾಸ್ ಆರಿಸಿದಳು.

"ಹಾಕ್ಕೊಂಡು ಹೋಗಿ. ನೀವೇ."

ಮಾರ್ಚ್ 10
ಹಾಕಿಕೊಂಡೇ ಹೋದೆ. ಭಟನ ಅಂಗಿ, ಸೇನಾಪತಿಯ ಕೈಕವಚ. ಡೈರೆಕ್ಟರು ಕೆಂಡವಾದರು.

"ಏನ್ರೀ ಇದು ಅವತಾರ? ಬಿಚ್ಚಿ ಅವನಿಗೆ ಕೊಡಿ!"

"ಅವರವರ ವೇಷ ಅವರವರದೇ ಅಲ್ವಾ ಸಾರ್? ಕಟ್ಟಳೆ ನಿಮ್ದೇ."

ಬೆಲ್ ಆಯಿತು, ಪರದೆ ಎದ್ದಿತು. ಭಾವಮೈದ ಎರಡೂ ಕೈಗೆ ಬಂಗಾರದ ಬಣ್ಣದ ಕಾಗದ ಸುತ್ತಿಕೊಂಡು ಬಂದ. ಮೊದಲ ಸಲ ಕತ್ತಿಯೆತ್ತಿದ್ದೇ ತಡ, ಕಾಗದ ಪರ್ ಅಂತ ಹರಿದು ಜೋತಾಡಿತು. ಸಿಕ್ಕಿಬಿದ್ದೆಯಾ ಮಗನೇ, ಅಂದುಕೊಂಡೆ. ಜನ ನಗಬೇಕಿತ್ತು. ನಗಲಿಲ್ಲ. ಅವನು ಮಿಕ್ಕ ಕಾಗದವನ್ನೂ ಕಿತ್ತೆಸೆದು ಬರಿಗೈ ಮಡಚಿ ತೋರಿಸಿದ. ಏನು ಶಿಳ್ಳೆ, ಏನು ಚಪ್ಪಾಳೆ! ಕುರ್ಚಿ ಬಿಟ್ಟು ಎದ್ದು ನಿಂತರು.

ನಾನು ಬಾಗಿಲ ಬಳಿ ನಿಂತಿದ್ದೆ. "ಅಪ್ಪಣೆ, ಪ್ರಭು" ಅಂದೆ. ಆ ಗದ್ದಲದಲ್ಲಿ ಅದೂ ಕೇಳಿಸಲಿಲ್ಲ.

ಆಮೇಲೆ ಡೈರೆಕ್ಟರು ಜೋರು ಮಾಡಲೂ ಇಲ್ಲ. "ಮುಂದಿನ ಸಲದಿಂದ ಬರೋ ತೊಂದರೆ ತಗೋಬೇಡಿ," ಅಂದರು, ಅಷ್ಟೇ.

ಮಾರ್ಚ್ 27
ನಾಟಕದ ಫೋಟೋ ಬಂತು. ಇವಳೇ ಸ್ಟುಡಿಯೋಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದಳು. ನಡುವೆ ಭಾವಮೈದ, ಬರಿಗೈ. ಎಡಗಡೆ ಅಂಚಿನಲ್ಲಿ ಭರ್ಜಿ ಹಿಡಿದ ಒಂದು ಕೈ. ಒಂದೊಂದು ರಿವೆಟ್ಟೂ ಎಣಿಸುವ ಹಾಗೆ ಕಾಣುತ್ತದೆ. ಮೊಣಕೈಯ ಆಚೆಗೆ ಫೋಟೋ ಮುಗಿದಿದೆ.

ಪಕ್ಕದ ಮನೆಯಾಕೆ ಬಂದಿದ್ದರು. ನಾನು ಒಳಗಿದ್ದೆ, ಮಾತು ಕೇಳಿಸುತ್ತಿತ್ತು.

"ಎಲ್ರೀ ನಿಮ್ಮ ಯಜಮಾನ್ರು? ಸೇನಾಪತಿ ಅಂದಿದ್ರಿ?"

"ಇಲ್ಲಿದ್ದಾರಲ್ಲ."

"ಎಲ್ಲಿ? ಬರೀ ಕೈ ಇದೆ!"

ನಾನು ಎದ್ದು, ಹೊರಗೆ ಹೋಗಿ, ಅದು ನಾನೇ, ಅಂತ ಹೇಳಲು ಹೊರಟೆ. ಬಾಗಿಲ ಬಳಿಯೇ ನಿಂತೆ.