ಸೇತುವೆಯ ಸೈರನ್

ಮಾನ್ಯ ನೆರೆ ನಿಯಂತ್ರಣಾಧಿಕಾರಿ ಗೋಯ್ಕೊ ಅವರಿಗೆ,

ದ್ರಿನಾ ನದಿ ಏರುತ್ತಿದೆ, ಆದ್ದರಿಂದ ಕುಶಲ ವಿಚಾರ ಬಿಟ್ಟು ಬರೆಯುತ್ತಿದ್ದೇನೆ. ನಾಳೆ ಸೇತುವೆಯ ನೆರೆ ಎಚ್ಚರಿಕೆ ಯಂತ್ರಕ್ಕೆ ನಿಮ್ಮ ಹೊಸ ತಂತ್ರಾಂಶ ಹಾಕಿಸಬೇಡಿ.

ಸೈರನ್ ಕೂಗಿಸುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಕಡತ, ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಜಾಗದಲ್ಲಿದೆ, ಸೇತುವೆಯ ಪುಟ್ಟ ಯಂತ್ರದಲ್ಲಿ ಇನ್ನೊಂದು ಜಾಗದಲ್ಲಿದೆ. ತಂತ್ರಾಂಶವನ್ನು ಕಟ್ಟುವ ನಿಮ್ಮ ಸ್ಕ್ರಿಪ್ಟ್ ಎಂಬ ಆದೇಶಪಟ್ಟಿ ಸೇತುವೆಯ ಯಂತ್ರದಲ್ಲೂ ಕಚೇರಿಯ ಜಾಗವನ್ನಷ್ಟೇ ಹುಡುಕುತ್ತದೆ. ಸಿಗದಿದ್ದರೆ ನಿಲ್ಲುವುದೂ ಇಲ್ಲ. ಸೈರನ್ನನ್ನೇ ಕೈಬಿಟ್ಟು ಮಿಕ್ಕದ್ದನ್ನು ಕಟ್ಟಿ, ‘ಯಶಸ್ವಿ’ ಎಂದು ತೋರಿಸುತ್ತದೆ. ಹಳೆಯ ತಂತ್ರಾಂಶ ಬರೆದ ಕಾಲದಿಂದ ನನ್ನ ಬಳಿಯಿರುವ ಅಂಥದೇ ಯಂತ್ರದಲ್ಲಿ ನಿನ್ನೆ ಪರೀಕ್ಷಿಸಿದೆ. ಪರೀಕ್ಷೆಗೆಂದು ಹೆಚ್ಚಿನ ಮಟ್ಟ ತುಂಬಿದಾಗ, ನೀರು ಅಪಾಯದ ಮಟ್ಟ ದಾಟಿತೆಂದು ಪರದೆ ಕೆಂಪಾಯಿತು. ಸದ್ದು ಮಾತ್ರ ಇಲ್ಲ.

ನಿಮ್ಮ ಎಂಜಿನಿಯರ್ ನೆನಾದ್‌ಗೆ ಫೋನ್ ಮಾಡಿದೆ.

“ನಮ್ಮ ಹತ್ರ ಚೆನ್ನಾಗೇ ಕೂಗುತ್ತಲ್ಲ ಅಜ್ಜಿ! ನಿಮಗೇ ಕಿವಿ ಮಂದ ಆಗಿರಬೇಕು,” ಎಂದ.

“ನಿಮ್ಮ ಕಚೇರಿ ಗುಡ್ಡದ ಮೇಲಿದೆ ಕಣಪ್ಪ, ಅಲ್ಲಿಗೆ ನೀರು ಬರಲ್ಲ,” ಎಂದೆ.

ಹಿಂದಿನ ನೆರೆಗೆ ಮುಂಚೆಯೂ ನಿಮ್ಮ ಕಚೇರಿ ‘ಎಲ್ಲ ಸರಿಯಿದೆ’ ಎಂದೇ ಪ್ರಕಟಿಸಿತ್ತು. ನೀವು ಮರೆತಿರಬಹುದು, ನಾನು ಮರೆತಿಲ್ಲ. ಪಕ್ಕದ ಮನೆಯ ಮಿಲೆವಾ ಈಗ ನಡೆಯಲಾರಳು. ಸೈರನ್ ಕೂಗಿದರಷ್ಟೇ ಅವಳನ್ನು ಮಹಡಿಗೆ ಹೊತ್ತೊಯ್ಯಲು ನಮಗೆ ಸಮಯ ಸಿಗುತ್ತದೆ.

ಲೈಬ್ರರಿ ಎಲ್ಲಿದೆಯೆಂದು ಸ್ಕ್ರಿಪ್ಟ್ ಆಯಾ ಯಂತ್ರವನ್ನೇ ಕೇಳಲಿ. ಸಿಗದಿದ್ದರೆ ಕೆಲಸ ನಿಲ್ಲಿಸಲಿ. ಅಲ್ಲಿಯವರೆಗೆ ಹಳೆಯ ತಂತ್ರಾಂಶವೇ ಇರಲಿ.

ಇಲ್ಲ, ನಾಳೆಯೇ ಹಾಕಿಸುತ್ತೇವೆ ಎನ್ನುವುದಾದರೆ, ನೀರು ಇಳಿಯುವ ತನಕ ನೀವೂ ನೆನಾದನೂ ಮಿಲೆವಾಳ ಮನೆಯಲ್ಲಿ ಮಲಗಲು ಬನ್ನಿ. ನೆಲಮಹಡಿಯಲ್ಲಿ ಇಬ್ಬರಿಗೂ ಹಾಸಿಗೆ ಹಾಸಿರುತ್ತೇನೆ.

ಉತ್ತರಕ್ಕೆ ಕಾದಿರುವ,
ರಾಡೊಯ್ಕಾ
ಕೆಳಕೇರಿ